ನೆನಪಿನ ಪೆಟ್ಟಿಗೆಗೆ ಜ್ವರ ಬಂದಾಗ

ವೈಶಾಖ ಮಾಸದ ಮಧ್ಯಾಹ್ನ. ಹೊರಗೆ ಬಿಸಿಲು ಕಾದ ಹೆಂಚಿನಂತೆ ಸುಡುತ್ತಿದೆ. ಬೆಂಗಳೂರಿನ ಒಂದು ಮನೆಯ ಕೋಣೆಯಲ್ಲಿ, ಹತ್ತಿಯ ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಾಲೇಜು ಓದುವ ಮಗಳು ಕುಳಿತಿದ್ದಾಳೆ. ಅಕ್ಕನ ಮದುವೆಯ ಎರಡು ದಿನಗಳ ಚಿತ್ರೀಕರಣವನ್ನು ಕತ್ತರಿಸಿ, ಜೋಡಿಸಿ, ಒಂದು ಗಂಟೆಯ ಚಿತ್ರವನ್ನಾಗಿಸುವ ಕೆಲಸ ಅವಳ ಪಾಲಿಗೆ ಬಂದಿದೆ. ಬೆಳಗ್ಗೆ ಚುರುಕಾಗಿ ಸಾಗಿದ ಯಂತ್ರ ಊಟದ ಹೊತ್ತಿಗೆ ಏದುಸಿರು ಬಿಡತೊಡಗಿತು. ಒಳಗಿನ ಫ್ಯಾನು ಭರ್ರೆಂದು ಸದ್ದು ಮಾಡುತ್ತಿದೆ. ಕೆಲಸ ಮಾತ್ರ ಆಮೆಯ ನಡಿಗೆ. ಕಾರಣವೇನೆಂದು ತಿಳಿಯಲು ಅವಳು ಯಂತ್ರದ ಆರೋಗ್ಯವನ್ನು ಹೇಳುವ ಒಂದು ಸಣ್ಣ ತಂತ್ರಾಂಶವನ್ನು ತೆರೆದಳು. ಪರದೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ಸಂಖ್ಯೆ ಮೂಡಿತು.

"ಅಪ್ಪಾ, ಇಲ್ಲಿ ನೋಡಿ! ಡ್ರೈವಿನ ಉಷ್ಣತೆ ೭೬ ಡಿಗ್ರಿ ಅಂತ ತೋರಿಸ್ತಾ ಇದೆ."

ತಂದೆ ಕೈಯಲ್ಲಿದ್ದ ಪತ್ರಿಕೆಯನ್ನು ಮಡಿಸಿಟ್ಟು ಧಾವಿಸಿ ಬಂದರು. "ಎಪ್ಪತ್ತಾರೇ! ಕೈಯಿಟ್ಟರೆ ಬೊಬ್ಬೆ ಏಳೋ ಶಾಖ ಅಲ್ಲವೇನಮ್ಮಾ ಅದು? ಮೊದಲು ಆರಿಸಿಬಿಡು. ಅಜ್ಜಿಯ ಹಾಡುಗಳೆಲ್ಲ ಅದರಲ್ಲೇ ಇವೆ."

ಆ ಮನೆಯ ಹಿರಿಯಜ್ಜಿ ತೀರಿಕೊಂಡು ವರ್ಷವಾಗಿತ್ತು. ಆಕೆ ಹೇಳುತ್ತಿದ್ದ ಆರತಿಯ ಹಾಡುಗಳು, ಬೀಸುವ ಕಲ್ಲಿನ ಪದಗಳು, ಮೊಮ್ಮಕ್ಕಳನ್ನು ರೇಗಿಸುತ್ತಿದ್ದ ಮಾತುಗಳು ಒಂದು ರಜೆಯಲ್ಲಿ ಮುದ್ರಿತವಾಗಿ ಆ ಲ್ಯಾಪ್‌ಟಾಪಿನಲ್ಲಿ ಕುಳಿತಿದ್ದವು. ಬೇರೆಲ್ಲಿಯೂ ಅವುಗಳ ಪ್ರತಿ ಇರಲಿಲ್ಲ. ತಂದೆಯ ಗಾಬರಿಗೆ ಅದೇ ಕಾರಣ.

ಈ ಗಾಬರಿ ಒಂದು ಮನೆಗೆ ಸೀಮಿತವಾದುದಲ್ಲ. ಮದುವೆಯ ಚಿತ್ರಗಳು, ಮಗುವಿನ ಮೊದಲ ತೊದಲು, ಮನೆಯ ಕ್ರಯಪತ್ರದ ನಕಲು, ಮಕ್ಕಳ ಅಂಕಪಟ್ಟಿ, ಹೀಗೆ ಒಂದು ಕಾಲಕ್ಕೆ ಟ್ರಂಕಿನಲ್ಲಿಯೂ ಗೋದ್ರೆಜ್ ಬೀರುವಿನಲ್ಲಿಯೂ ಇರುತ್ತಿದ್ದ ಸಂಸಾರದ ಸಮಸ್ತ ನೆನಪುಗಳೂ ಇಂದು ಬೆರಳಗಲದ ಒಂದು ಪಟ್ಟಿಯೊಳಗೆ ಸೇರಿವೆ. ಆ ಪಟ್ಟಿ ಬಿಸಿಯಾದರೆ ಅದರೊಳಗಿನ ನೆನಪುಗಳು ಕರಗಿಹೋಗುವುವೇ? ತಂದೆಯ ಭಯದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ತಪ್ಪು ತಿಳಿವಳಿಕೆ. ಎರಡನ್ನೂ ಬೇರ್ಪಡಿಸಿ ನೋಡುವುದು ಪ್ರತಿಯೊಂದು ಮನೆಗೂ ಉಪಯುಕ್ತ.

ತಿರುಗುವ ತಟ್ಟೆಯಿಂದ ನಿಶ್ಚಲ ಪಟ್ಟಿಗೆ

ಗಣಕಯಂತ್ರದ ನೆನಪು ಮೊದಲಿನಿಂದಲೂ ಇಷ್ಟು ಪುಟ್ಟದಾಗಿರಲಿಲ್ಲ. ೧೯೫೬ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆ ಹೊರತಂದ ಮೊತ್ತಮೊದಲ ಡಿಸ್ಕ್ ಸಂಗ್ರಹಣ ಯಂತ್ರದಲ್ಲಿ ಎರಡಡಿ ವ್ಯಾಸದ ೫೦ ಲೋಹದ ತಟ್ಟೆಗಳು ಒಂದರ ಮೇಲೊಂದು ಸುತ್ತುತ್ತಿದ್ದವು. ಸುಮಾರು ಒಂದು ಟನ್ ತೂಗುತ್ತಿದ್ದ ಆ ಭೀಮಕಾಯ ಹಿಡಿಸಿಕೊಳ್ಳುತ್ತಿದ್ದುದು ೫೦ ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಕೈಫೋನಿನಲ್ಲಿ ತೆಗೆದ ಒಂದೆರಡು ಫೋಟೋಗಳಿಗೇ ಆ ಜಾಗ ಸಾಲದು! ಅನಂತರದ ದಶಕಗಳಲ್ಲಿ ತಟ್ಟೆಗಳು ಕುಗ್ಗುತ್ತ ಬಂದು ಲ್ಯಾಪ್‌ಟಾಪಿನ ಹೊಟ್ಟೆಯನ್ನು ಸೇರಿದುವು. ಆದರೂ ಸುತ್ತುವುದನ್ನು ಮಾತ್ರ ಬಿಡಲಿಲ್ಲ.

ಸುತ್ತದೆಯೇ ನೆನಪಿಡುವ ವಿದ್ಯೆಗೆ ಬೀಜ ಬಿದ್ದದ್ದು ೧೯೬೭ರಲ್ಲಿ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೊರಿಯಾ ಮೂಲದ ಡಾವನ್ ಕಾಂಗ್ ಮತ್ತು ಚೀನೀ ಮೂಲದ ಸೈಮನ್ ಝೀ ಎಂಬ ಇಬ್ಬರು ವಿಜ್ಞಾನಿಗಳು ಒಂದು ವಿಶೇಷ ಟ್ರಾನ್ಸಿಸ್ಟರನ್ನು ರೂಪಿಸಿದರು. ಊಟದ ಮನೆಯಲ್ಲಿ ಪದರ ಪದರವಾಗಿದ್ದ ಒಂದು ಸಿಹಿತಿಂಡಿಯನ್ನು ನೋಡಿ, ಟ್ರಾನ್ಸಿಸ್ಟರಿನಲ್ಲಿಯೂ ನಡುವೆ ಇನ್ನೊಂದು ಪದರವನ್ನು ಸೇರಿಸಿದರೆ ಹೇಗೆಂಬ ಯೋಚನೆ ಅವರಿಗೆ ಹೊಳೆಯಿತೆಂದು ಒಂದು ಸ್ವಾರಸ್ಯದ ಕಥೆ ಪ್ರಚಲಿತವಾಗಿದೆ. ಸುತ್ತಲೂ ಗಾಜಿನಂಥ ನಿರೋಧಕ ಗೋಡೆ, ನಡುವೆ ಒಂದು ಪುಟ್ಟ ದ್ವೀಪ. ಆ ದ್ವೀಪಕ್ಕೆ ವಿದ್ಯುತ್ಕಣಗಳನ್ನು ಅಟ್ಟಿ ಕೂಡಿಹಾಕಿದರೆ, ವಿದ್ಯುತ್ತನ್ನು ನಿಲ್ಲಿಸಿದ ಮೇಲೂ ಅವು ಅಲ್ಲಿಯೇ ಉಳಿಯುತ್ತವೆ. ಕಣಗಳು ಇದ್ದರೆ 'ಸೊನ್ನೆ', ಇಲ್ಲದಿದ್ದರೆ 'ಒಂದು'. ನೆನಪೆಂದರೆ ಅಷ್ಟೆ.

ಈ ಬೀಜ ಮರವಾಗಲು ಇನ್ನೂ ೧೭ ವರ್ಷ ಹಿಡಿಯಿತು. ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕ ಎಂಬ ಇಂಜಿನಿಯರು ಇಂಥ ಸಾವಿರಾರು ಕೋಶಗಳನ್ನು ಒಂದೇ ಏಟಿಗೆ ಅಳಿಸಿ ಮತ್ತೆ ಬರೆಯುವ ಉಪಾಯವನ್ನು ಕಂಡುಹಿಡಿದು ೧೯೮೪ರಲ್ಲಿ ವಿದ್ವತ್‌ಸಭೆಯೊಂದರ ಮುಂದಿಟ್ಟರು. ಅಳಿಸುವಿಕೆಯ ವೇಗ ಕ್ಯಾಮರಾದ ದೀಪ ಫಳಕ್ಕನೆ ಹೊಳೆಯುವುದನ್ನು ನೆನಪಿಗೆ ತರುತ್ತದೆಂದು ಅವರ ಸಹೋದ್ಯೋಗಿಯೊಬ್ಬರು ಇದಕ್ಕೆ 'ಫ್ಲ್ಯಾಶ್' ಎಂದು ನಾಮಕರಣ ಮಾಡಿದರು. ೧೯೮೭ರಲ್ಲಿ ಮಸುವೊಕರ ತಂಡವೇ ಇನ್ನೂ ಒತ್ತಾಗಿ ಕೋಶಗಳನ್ನು ಜೋಡಿಸುವ 'ನ್ಯಾಂಡ್' ಎಂಬ ರೀತಿಯನ್ನು ಪ್ರಕಟಿಸಿತು. ಇಂದಿನ ಪೆನ್‌ಡ್ರೈವ್, ಕೈಫೋನು, ಲ್ಯಾಪ್‌ಟಾಪು ಎಲ್ಲದರ ನೆನಪೂ ಆ ವಂಶದ್ದೇ.

ಲ್ಯಾಪ್‌ಟಾಪಿನಲ್ಲಿರುವ ಈ ವಂಶದ ಕುಡಿಗೆ ಸಾಲಿಡ್ ಸ್ಟೇಟ್ ಡ್ರೈವ್, ಚಿಕ್ಕದಾಗಿ ಎಸ್‌ಎಸ್‌ಡಿ, ಎಂದು ಹೆಸರು. ೨೦೦೬ರ ಸುಮಾರಿಗೆ ಲ್ಯಾಪ್‌ಟಾಪುಗಳಲ್ಲಿ ಕಾಣಿಸಿಕೊಂಡಾಗ ಅದು ಶ್ರೀಮಂತರ ಸೊತ್ತು. ಇಂದು ಸಾಮಾನ್ಯ ಬೆಲೆಯ ಯಂತ್ರದಲ್ಲಿಯೂ ಅದೇ ಇದೆ. ಅದರ ಆಕಾರವೂ ಈಗ ಬಹುಮಟ್ಟಿಗೆ ಒಂದೇ: ೨೨ ಮಿಲಿಮೀಟರ್ ಅಗಲ, ೮೦ ಮಿಲಿಮೀಟರ್ ಉದ್ದ. ಸಿಟಿ ಬಸ್ಸಿನ ಹಳೆಯ ಟಿಕೆಟನ್ನು ನೆನಪಿಸುವ ಒಂದು ಹಸಿರು ಪಟ್ಟಿ. ಅದರ ಮೇಲೆ ನಾಲ್ಕಾರು ಕಪ್ಪು ಚಿಪ್ಪುಗಳು.

ಅಲುಗಾಡದ ವಸ್ತುವಿಗೆ ಕಾವೇಕೆ?

ತಿರುಗುವ ತಟ್ಟೆಯಿಲ್ಲ, ಉಜ್ಜಾಟವಿಲ್ಲ, ಸದ್ದಿಲ್ಲ. ಹಾಗಿದ್ದೂ ಈ ಪಟ್ಟಿ ಬಿಸಿಯಾಗುವುದೇಕೆ? ಸಹಜವಾದ ಪ್ರಶ್ನೆಯೇ.

ಉತ್ತರ ವೇಗದಲ್ಲಿದೆ. ಲ್ಯಾಪ್‌ಟಾಪಿನ ಹಳೆಯ ತಿರುಗುವ ಡಿಸ್ಕು ಸೆಕೆಂಡಿಗೆ ಸುಮಾರು ೧೦೦ ಮೆಗಾಬೈಟ್ ಮಾಹಿತಿಯನ್ನು ಓದುತ್ತಿತ್ತು. ಮೊದಲ ತಲೆಮಾರಿನ ಎಸ್‌ಎಸ್‌ಡಿಗಳು ಅದನ್ನು ೫೫೦ರವರೆಗೆ ಏರಿಸಿದುವು. ೨೦೧೧ರಲ್ಲಿ ಎನ್‌ವಿಎಂಇ ಎಂಬ ಹೊಸ ಸಂಪರ್ಕ ನಿಯಮಾವಳಿ ಬಂದ ಮೇಲೆ ಓಟಕ್ಕೆ ಲಗಾಮೇ ಇಲ್ಲದಂತಾಯಿತು: ೩,೫೦೦, ಬಳಿಕ ೭,೦೦೦, ಈಗ ಐದನೆಯ ತಲೆಮಾರಿನವು ಸುಮಾರು ೧೪,೦೦೦ ಮೆಗಾಬೈಟ್! ಇಷ್ಟು ಮಾಹಿತಿಯನ್ನು ಯಾವ ಕೋಶಕ್ಕೆ ಬರೆಯಬೇಕು, ಎಲ್ಲಿಂದ ಓದಬೇಕು, ಓದಿದುದರಲ್ಲಿ ತಪ್ಪುಗಳೆಷ್ಟು, ಅವನ್ನು ತಿದ್ದುವುದು ಹೇಗೆ ಎಂಬ ಲೆಕ್ಕವನ್ನೆಲ್ಲ ಪಟ್ಟಿಯ ಮೇಲಿರುವ ಕಂಟ್ರೋಲರ್ ಎಂಬ ಒಂದೇ ಚಿಪ್ಪು ನೋಡಿಕೊಳ್ಳಬೇಕು. ಮದುವೆಯ ಮನೆಯಲ್ಲಿ ಉಗ್ರಾಣದ ಬೀಗದ ಕೈ ಹಿಡಿದವನ ಪಾಡು ಅದರದು. ಜತೆಗೆ, ಪ್ರತಿಯೊಂದು ಕೋಶಕ್ಕೂ ವಿದ್ಯುತ್ಕಣಗಳನ್ನು ಗೋಡೆ ದಾಟಿಸಿ ನುಗ್ಗಿಸಲು ಸುಮಾರು ೨೦ ವೋಲ್ಟ್ ಒತ್ತಡವನ್ನು ಚಿಪ್ಪಿನೊಳಗೆಯೇ ಉತ್ಪಾದಿಸಬೇಕು. ಇಷ್ಟೆಲ್ಲ ದುಡಿಮೆಯ ಬೆವರೇ ಆ ಕಾವು.

ಭರದಿಂದ ದುಡಿಯುವಾಗ ನಾಲ್ಕನೆಯ ತಲೆಮಾರಿನ ಪಟ್ಟಿಯೊಂದು ಐದರಿಂದ ಎಂಟು ವಾಟ್ ವಿದ್ಯುತ್ತನ್ನು ಬಳಸುತ್ತದೆ. ಐದನೆಯ ತಲೆಮಾರಿನ ಆರಂಭದ ಪಟ್ಟಿಗಳು ಹತ್ತನ್ನೂ ಮೀರಿದುವು. ಎಂಟು ವಾಟ್ ಎಂದರೆ ಏನು ಮಹಾ ಎನಿಸಬಹುದು. ಮನೆಯ ಎಂಟು ವಾಟಿನ ಎಲ್‌ಇಡಿ ಬಲ್ಬನ್ನು ಒಂದು ಗಂಟೆ ಉರಿಸಿ ಅದರ ಬುಡವನ್ನು ಮುಟ್ಟಿ ನೋಡಿದರೆ ಆ ಸಂಶಯ ಪರಿಹಾರವಾದೀತು. ಬಲ್ಬಿಗಾದರೂ ಸುತ್ತ ಕೋಣೆಯ ಗಾಳಿಯಿದೆ. ಈ ಪಟ್ಟಿಯೋ ತೆಳ್ಳಗಿನ ಪೆಟ್ಟಿಗೆಯ ಇಕ್ಕಟ್ಟಿನಲ್ಲಿ, ಒಂದು ಕಡೆ ಪ್ರೊಸೆಸರ್ ಎಂಬ ಉರಿಯುವ ಒಲೆ, ಇನ್ನೊಂದು ಕಡೆ ಬೆಚ್ಚಗಾಗುವ ಬ್ಯಾಟರಿ, ನಡುವೆ ಸಿಕ್ಕಿಕೊಂಡಿರುತ್ತದೆ. ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಫ್ಯಾನಿನ ಗಾಳಿ ಪ್ರೊಸೆಸರಿಗಷ್ಟೇ ಮೀಸಲು; ನೆನಪಿನ ಪಟ್ಟಿಯ ಕಡೆಗೆ ಅದು ಸುಳಿಯುವುದಿಲ್ಲ. ತೀರ ತೆಳ್ಳಗಿನ ಕೆಲವು ಮಾದರಿಗಳಲ್ಲಿ ಫ್ಯಾನೇ ಇಲ್ಲ.

ಹಾಸಿಗೆಯ ಮೇಲಿಟ್ಟಾಗ ಸಂಭವಿಸುವುದನ್ನು ಈಗ ಊಹಿಸಿಕೊಳ್ಳಬಹುದು. ತಳದಲ್ಲಿರುವ ಗಾಳಿಯ ಕಿಂಡಿಗಳನ್ನು ಹತ್ತಿ ಮುಚ್ಚುತ್ತದೆ. ಒಳಗೆ ಬರಬೇಕಾದ ತಂಪು ಗಾಳಿ ಬಾರದು. ಮೇಲಾಗಿ ಹಾಸಿಗೆ ಕಂಬಳಿಗಳ ಧರ್ಮವೇ ಬಿಸಿಯನ್ನು ಹಿಡಿದಿಡುವುದು. ಆ ಮನೆಯ ಮಗಳು ತಿಳಿಯದೆ ತನ್ನ ಯಂತ್ರಕ್ಕೆ ಬೇಸಿಗೆಯ ನಡುಹಗಲಿನಲ್ಲಿ ರಗ್ಗು ಹೊದಿಸಿದ್ದಳು.

ಒಳಗೇ ಇರುವ ಉಷ್ಣಮಾಪಕ

ಈ ಪಟ್ಟಿಗೆ ತನ್ನ ಜ್ವರವನ್ನು ತಾನೇ ಅಳೆದುಕೊಳ್ಳುವ ಶಕ್ತಿಯುಂಟು. ಚಿಪ್ಪುಗಳ ಬಳಿ ಕುಳಿತ ಸೂಕ್ಷ್ಮ ಸಂವೇದಕಗಳು ಕ್ಷಣಕ್ಷಣದ ಉಷ್ಣತೆಯನ್ನು ಕಂಟ್ರೋಲರಿಗೆ ತಿಳಿಸುತ್ತಿರುತ್ತವೆ. ಎನ್‌ವಿಎಂಇ ನಿಯಮದಂತೆ ಈ ಲೆಕ್ಕವನ್ನು ಇಡುವುದು ಕೆಲ್ವಿನ್ ಮಾನದಲ್ಲಿ. ಪರದೆಯ ಮೇಲೆ ಕಂಡ ೭೬ ಡಿಗ್ರಿ ನಿಜವಾಗಿ ಪಟ್ಟಿಯ ದಫ್ತರದಲ್ಲಿ ೩೪೯ ಎಂದು ದಾಖಲಾಗಿರುತ್ತದೆ. ತಂತ್ರಾಂಶ ಅದರಿಂದ ೨೭೩ನ್ನು ಕಳೆದು ಮನುಷ್ಯರಿಗೆ ಅರ್ಥವಾಗುವ ಸೆಲ್ಸಿಯಸ್ಸಿನಲ್ಲಿ ಹೇಳುತ್ತದೆ.

ಹಾಗಾದರೆ ಎಷ್ಟು ಡಿಗ್ರಿ ಸಹಜ, ಎಷ್ಟು ಅತಿ? ಯಂತ್ರ ಬಿಡುವಾಗಿರುವಾಗ ೩೫ರಿಂದ ೫೦ ಡಿಗ್ರಿ ಇರುವುದು ಸಾಮಾನ್ಯ. ಕೆಲಸದ ಭರದಲ್ಲಿ ೬೦, ೬೫ ಮುಟ್ಟಿದರೆ ಹೆದರಬೇಕಾದುದಿಲ್ಲ. ಮನುಷ್ಯನ ಚರ್ಮಕ್ಕೆ ಸುಡುವ ಶಾಖ ಸಿಲಿಕಾನಿಗೆ ಸುಡುವ ಶಾಖವಲ್ಲ. ಹೆಚ್ಚಿನ ತಯಾರಕರು ತಮ್ಮ ವಿವರಪತ್ರದಲ್ಲಿ ಸೊನ್ನೆಯಿಂದ ೭೦ ಡಿಗ್ರಿಯವರೆಗೆ ಕೆಲಸಕ್ಕೆ ಯೋಗ್ಯವೆಂದು ನಮೂದಿಸುತ್ತಾರೆ. ಅದನ್ನು ದಾಟಿ ದಿನವೂ ಗಂಟೆಗಟ್ಟಲೆ ನಿಂತಿದ್ದರೆ ಗಮನಿಸತಕ್ಕದ್ದು.

ದಾಟಿದಾಗ ಪಟ್ಟಿ ಸುಮ್ಮನೆ ಸುಟ್ಟುಹೋಗುವುದಿಲ್ಲ. ಇಲ್ಲಿಯೇ ಇಂಜಿನಿಯರುಗಳ ಜಾಣ್ಮೆ ಇರುವುದು. ಮಾದರಿಗೆ ತಕ್ಕಂತೆ ೭೦ರಿಂದ ೮೫ ಡಿಗ್ರಿಗಳ ನಡುವೆ ಎಲ್ಲಿಯೋ ಒಂದು ಎಚ್ಚರಿಕೆಯ ಗೆರೆಯನ್ನು ಅವರು ಎಳೆದಿರುತ್ತಾರೆ. ಆ ಗೆರೆ ಮುಟ್ಟಿದೊಡನೆ ಕಂಟ್ರೋಲರು ತನ್ನ ಓಟವನ್ನು ತಾನೇ ತಗ್ಗಿಸುತ್ತದೆ. ೨೦೧೭ರಲ್ಲಿ ಪರಿಷ್ಕೃತವಾದ ನಿಯಮಾವಳಿಯಲ್ಲಿ ಇದಕ್ಕೆ ಎರಡು ಮೆಟ್ಟಿಲುಗಳನ್ನೇ ಹೇಳಿದೆ: ಮೊದಲನೆಯದರಲ್ಲಿ ಕೆಲಸಕ್ಕೆ ಹೆಚ್ಚು ತೊಂದರೆಯಾಗದಂತೆ ಹಗುರವಾಗಿ ನಿಧಾನಿಸುವುದು; ಎರಡನೆಯದರಲ್ಲಿ, ಕೆಲಸ ಎಷ್ಟೇ ಕುಂಟಲಿ, ಕಾವನ್ನು ಇಳಿಸುವುದೇ ಮುಖ್ಯವೆಂದು ಬಲವಾಗಿ ನಿಧಾನಿಸುವುದು. ಕಡುಬಿಸಿಲಿನಲ್ಲಿ ಗಾಡಿ ಎಳೆಯುವ ಎತ್ತು ತಾನಾಗಿ ಹೆಜ್ಜೆಯನ್ನು ಕುಗ್ಗಿಸುವಂತೆ. ಬಿಸಿ ಇಳಿದ ಮೇಲೆ ಮತ್ತೆ ಹಿಂದಿನ ವೇಗ. ಇದೂ ಸಾಲದೆ ಉಷ್ಣತೆ ಅಪಾಯದ ಮಟ್ಟವನ್ನು ಮುಟ್ಟಿದರೆ ಕೆಲವು ಪಟ್ಟಿಗಳು ಕೆಲಸವನ್ನೇ ನಿಲ್ಲಿಸಿಬಿಡುತ್ತವೆ. ಯಂತ್ರ ಥಟ್ಟನೆ ಸ್ತಬ್ಧವಾಗುತ್ತದೆ.

ಮಗಳ ಲ್ಯಾಪ್‌ಟಾಪು ಊಟದ ಹೊತ್ತಿಗೆ ಕುಂಟಿದುದರ ಗುಟ್ಟು ಇದೇ. ಅದು ಕೆಟ್ಟಿರಲಿಲ್ಲ, ತನ್ನನ್ನು ಕಾಪಾಡಿಕೊಳ್ಳುತ್ತಿತ್ತು.

ಈ ಪಟ್ಟಿಯಲ್ಲಿ ಇನ್ನೊಂದು ದಿನಚರಿಯೂ ಅಡಗಿದೆ. ಎಚ್ಚರಿಕೆಯ ಗೆರೆಯ ಮೇಲೆ ಇದುವರೆಗೆ ಒಟ್ಟು ಎಷ್ಟು ನಿಮಿಷ ಕಳೆಯಿತು, ಅಪಾಯದ ಗೆರೆಯ ಮೇಲೆ ಎಷ್ಟು ನಿಮಿಷ ಎಂಬುದನ್ನು ಅದು ಬರೆದಿಡುತ್ತದೆ. ಒಂದು ಮಧ್ಯಾಹ್ನದ ೭೬ಕ್ಕಿಂತ ಈ ಎರಡು ಅಂಕಿಗಳು ಹೆಚ್ಚು ಹೇಳುತ್ತವೆ. ಸೊನ್ನೆಯೋ ಹತ್ತಿಪ್ಪತ್ತು ನಿಮಿಷಗಳೋ ಇದ್ದರೆ ನೆಮ್ಮದಿಯಿಂದ ಇರಬಹುದು. ಸಾವಿರಗಟ್ಟಲೆ ಇದ್ದರೆ ಆ ಯಂತ್ರದ ಉಸಿರಾಟದಲ್ಲಿಯೇ ದೋಷವಿದೆಯೆಂದು ತಿಳಿಯಬೇಕು.

ದೊಡ್ಡ ಪ್ರಮಾಣದ ಅನುಭವವೂ ಇದನ್ನೇ ಸಾರುತ್ತದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಮತ್ತು ಫೇಸ್‌ಬುಕ್ ಸಂಸ್ಥೆಯ ಸಂಶೋಧಕರು, ಆ ಸಂಸ್ಥೆಯ ಭಂಡಾರಗಳಲ್ಲಿ ದುಡಿಯುತ್ತಿದ್ದ ಎಸ್‌ಎಸ್‌ಡಿಗಳನ್ನು ಸುಮಾರು ನಾಲ್ಕು ವರ್ಷಗಳ ಕಾಲದ ದಾಖಲೆಗಳಿಂದ ಪರಿಶೀಲಿಸಿ ೨೦೧೫ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಉಷ್ಣತೆ ಏರಿದಂತೆ ವೈಫಲ್ಯವೂ ಏರುವುದು ನಿಜ. ಆದರೆ ಬಿಸಿಯಾದಾಗ ನಿಧಾನಿಸಿಕೊಳ್ಳುವ ಪಟ್ಟಿಗಳಲ್ಲಿ ಆ ಕೆಡುಕು ಬಹುಮಟ್ಟಿಗೆ ತಗ್ಗುತ್ತದೆ ಎಂಬುದು ಅವರು ಕಂಡುಕೊಂಡ ಅಂಶಗಳಲ್ಲೊಂದು.

ಬಿಸಿಯ ಎರಡು ಮುಖ

ಇನ್ನು ಸೋಜಿಗದ ಸಂಗತಿಗೆ ಬರೋಣ. ಬರೆಯುವಾಗಿನ ಬಿಸಿಯೂ ಬರೆದಿಟ್ಟ ಮೇಲಿನ ಬಿಸಿಯೂ ಒಂದೇ ಫಲವನ್ನು ಕೊಡುವುದಿಲ್ಲ. ಒಂದು ಬಗೆಯಲ್ಲಿ ಅವು ಪರಸ್ಪರ ವಿರುದ್ಧ!

ಕೋಶವನ್ನು ಒಂದು ಮಣ್ಣಿನ ಗಡಿಗೆಯೆಂದು ಭಾವಿಸೋಣ. ಒಳಗೆ ನೀರಿನ ಬದಲು ವಿದ್ಯುತ್ಕಣಗಳು. ಮೊದಮೊದಲು ಗಡಿಗೆ ತುಂಬಿದೆಯೇ, ಬರಿದಾಗಿದೆಯೇ ಎಂದು ನೋಡಿದರೆ ಸಾಕಾಗಿತ್ತು. ಜಾಗವನ್ನು ಉಳಿಸಲು ಇಂಜಿನಿಯರುಗಳು ಅದೇ ಗಡಿಗೆಯಲ್ಲಿ ಪಾವು, ಅಚ್ಚೇರು, ಸೇರು ಎಂದು ಗೆರೆಗಳನ್ನು ಕೊರೆದರು. ಈಗಿನ ಬಹುಪಾಲು ಪಟ್ಟಿಗಳ ಕೋಶದಲ್ಲಿ ಇಂಥ ೮ ಮಟ್ಟಗಳು. ಇನ್ನೂ ಅಗ್ಗದವುಗಳಲ್ಲಿ ೧೬. ಹೀಗಾಗಿ ಚೂರೇ ಚೂರು ಜಿನುಗಿದರೂ ಮಟ್ಟ ಒಂದು ಗೆರೆ ಇಳಿದು, ಬರೆದದ್ದು ಒಂದಾದರೆ ಓದಿದ್ದು ಇನ್ನೊಂದಾಗುವ ಸಂಭವವುಂಟು. ಗಡಿಗೆಯ ಗೋಡೆಯ ದಪ್ಪವಾದರೂ ಎಷ್ಟು? ಒಂದು ಮಿಲಿಮೀಟರಿನ ಲಕ್ಷದ ಒಂದು ಭಾಗಕ್ಕೂ ಕಡಮೆ.

ಪ್ರತಿಸಲ ಬರೆದು ಅಳಿಸಿದಾಗಲೂ ವಿದ್ಯುತ್ಕಣಗಳು ಈ ಗೋಡೆಯನ್ನೇ ತೂರಿ ಹೋಗುತ್ತವೆ. ಗೋಡೆಗೆ ಸಣ್ಣ ಸಣ್ಣ ಗಾಯಗಳಾಗುತ್ತವೆ. ಕೆಲಸದ ವೇಳೆ ಪಟ್ಟಿ ಬೆಚ್ಚಗಿದ್ದರೆ ಆ ಗಾಯಗಳಲ್ಲಿ ಕೆಲವು ತಾವಾಗಿಯೇ ಮಾಯುತ್ತವೆ. ಆದುದರಿಂದ ಬರೆಯುವಾಗ ಹದವಾಗಿ ಬೆಚ್ಚಗಿದ್ದ ಪಟ್ಟಿ, ತಣ್ಣಗಿದ್ದ ಪಟ್ಟಿಗಿಂತ ನೆನಪನ್ನು ಹೆಚ್ಚು ಕಾಲ ಹಿಡಿದಿಡುತ್ತದೆ. ಹಾಗೆಂದು ಪಟ್ಟಿಯನ್ನು ಬೇಕೆಂದೇ ಕಾಯಿಸುವುದು ಸಲ್ಲದು; ಕಂಟ್ರೋಲರಿಗೂ ಬೆಸುಗೆಗಳಿಗೂ ಸದಾಕಾಲದ ಕಾವು ಒಳ್ಳೆಯದಲ್ಲ.

ಬರೆದಿಟ್ಟು, ಯಂತ್ರವನ್ನು ಆರಿಸಿ, ಮೂಲೆಗೆ ಸೇರಿಸಿದ ಮೇಲಿನ ಮಾತು ಬೇರೆ. ಆಗ ಕಾವು ಶುದ್ಧ ಶತ್ರು. ಶಾಖ ಹೆಚ್ಚಿದಂತೆ ಕೂಡಿಹಾಕಿದ ಕಣಗಳ ಚಡಪಡಿಕೆ ಹೆಚ್ಚುತ್ತದೆ; ಗಡಿಗೆ ಬೇಗ ಜಿನುಗುತ್ತದೆ. ವಿದ್ಯುತ್ತು ಹರಿಯುತ್ತಿರುವಾಗಲಾದರೆ ಕಂಟ್ರೋಲರು ತಪ್ಪುಗಳನ್ನು ತಿದ್ದಿ, ಮಸುಕಾದುದನ್ನು ಹೊಸ ಕೋಶಕ್ಕೆ ಎತ್ತಿ ಬರೆಯುತ್ತದೆ. ಆರಿಸಿಟ್ಟ ಯಂತ್ರದಲ್ಲಿ ಕಾವಲುಗಾರನೂ ನಿದ್ರಿಸುತ್ತಿರುತ್ತಾನೆ.

ಗಾಬರಿಯೂ ಗಣಿತವೂ

ಈ ಜಿನುಗುವಿಕೆಗೆ ಒಂದು ಅಳತೆಗೋಲಿದೆ. ಚಿಪ್ಪುಗಳ ಗುಣಮಟ್ಟವನ್ನು ಗೊತ್ತುಪಡಿಸುವ ಜೆಡೆಕ್ ಎಂಬ ಅಂತರರಾಷ್ಟ್ರೀಯ ಸಂಘ ೨೦೧೦ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ, ಮನೆಬಳಕೆಯ ಎಸ್‌ಎಸ್‌ಡಿಯೊಂದು, ತನಗೆ ನಿಗದಿಯಾದಷ್ಟು ಬರವಣಿಗೆಯನ್ನು ಪೂರೈಸಿ ಮುದಿಯಾದ ಮೇಲೂ, ೩೦ ಡಿಗ್ರಿಯಲ್ಲಿ ವಿದ್ಯುತ್ತಿಲ್ಲದೆ ಒಂದು ವರ್ಷ ನೆನಪನ್ನು ಕಾಯ್ದಿಡಬೇಕು. ಇಟ್ಟ ಜಾಗದ ಉಷ್ಣತೆ ಐದು ಡಿಗ್ರಿ ಏರಿದರೆ ಈ ಅವಧಿ ಹೆಚ್ಚುಕಡಮೆ ಅರ್ಧಕ್ಕೆ ಇಳಿಯುತ್ತದೆ; ಐದು ಡಿಗ್ರಿ ಇಳಿದರೆ ಇಮ್ಮಡಿಯಾಗುತ್ತದೆ. ೨೫ ಡಿಗ್ರಿಯಲ್ಲಿ ಎರಡು ವರ್ಷ, ೩೦ರಲ್ಲಿ ಒಂದು ವರ್ಷ, ೩೫ರಲ್ಲಿ ಆರು ತಿಂಗಳು, ೪೦ರಲ್ಲಿ ಮೂರು ತಿಂಗಳು.

೨೦೧೫ರಲ್ಲಿ ಇದೇ ಸಂಘದ ಒಂದು ಕೋಷ್ಟಕ ವೃತ್ತಪತ್ರಿಕೆಗಳ ಕೈಗೆ ಸಿಕ್ಕಿ, 'ಬಿಸಿಲಿನಲ್ಲಿಟ್ಟ ಎಸ್‌ಎಸ್‌ಡಿ ಕೆಲವೇ ದಿನಗಳಲ್ಲಿ ಎಲ್ಲವನ್ನೂ ಮರೆಯುತ್ತದೆ' ಎಂಬ ಸುದ್ದಿ ಲೋಕವನ್ನೆಲ್ಲ ಸುತ್ತಿತು. ಜನ ಕಂಗಾಲಾದರು. ಆಮೇಲೆ ಬಲ್ಲವರು ಮುಂದೆ ಬಂದು, ಆ ಅಂಕಿಗಳು ಬರೆದು ಬರೆದು ಸವೆದುಹೋದ ಪಟ್ಟಿಗೆ ಮಾತ್ರ ಅನ್ವಯಿಸುತ್ತವೆಂದು ಬಿಡಿಸಿ ಹೇಳಬೇಕಾಯಿತು.

ಹಾಗೆ ಸವೆಯಲು ಎಷ್ಟು ಕಾಲ ಬೇಕು? ಒಂದು ಟೆರಾಬೈಟಿನ ಅನೇಕ ಪಟ್ಟಿಗಳಿಗೆ ತಯಾರಕರು ೬೦೦ ಟೆರಾಬೈಟ್ ಬರವಣಿಗೆಯ ಭರವಸೆಯನ್ನು ಕೊಡುತ್ತಾರೆ. ಒಂದು ಸಂಸಾರ ದಿನಕ್ಕೆ ೨೦ ಗಿಗಾಬೈಟ್ ಬರೆಯಿತೆಂದೇ ಇಟ್ಟುಕೊಂಡರೂ ವರ್ಷಕ್ಕೆ ಏಳು ಟೆರಾಬೈಟಿಗಿಂತ ಸ್ವಲ್ಪ ಹೆಚ್ಚು. ಅರವತ್ತು ದಾಟಿ, ಎಪ್ಪತ್ತು ದಾಟಿ, ೮೨ನೆಯ ವರ್ಷಕ್ಕೆ ಆ ಲೆಕ್ಕ ಮುಗಿದೀತು! ಆದುದರಿಂದ ನಾಲ್ಕೈದು ವರ್ಷ ಹಿತಮಿತವಾಗಿ ಬಳಸಿದ ಪಟ್ಟಿಗೆ ಆ ಕೋಷ್ಟಕದ ಕಠೋರ ಅಂಕಿಗಳು ತಾಗುವುದಿಲ್ಲ. ಅದರ ನೆನಪು ಬಹಳ ಹೆಚ್ಚು ಕಾಲ ನಿಲ್ಲುತ್ತದೆ. ಆದರೆ ಐದು ಡಿಗ್ರಿಗೆ ಅರ್ಧವಾಗುವ ಸೂತ್ರ ಹೊಸತಕ್ಕೂ ತಪ್ಪಿದ್ದಲ್ಲ.

ಕಪಾಟಿನಲ್ಲಿಟ್ಟ ಹಳೆಯ ಯಂತ್ರ

ಅಪಾಯ ಎಲ್ಲರೂ ನೋಡುವ ಕಡೆಯಲ್ಲಿಲ್ಲ; ಯಾರೂ ನೋಡದ ಕಡೆಯಲ್ಲಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹೊಸ ಲ್ಯಾಪ್‌ಟಾಪ್ ಬಂದೊಡನೆ ಹಳೆಯದು ಬೀರುವಿಗೋ ಅಟ್ಟಕ್ಕೋ ಸೇರುತ್ತದೆ. 'ಫೋಟೋಗಳೆಲ್ಲ ಅದರಲ್ಲಿ ಭದ್ರವಾಗಿವೆ' ಎಂಬ ನಂಬಿಕೆ ಮನೆಯವರದು. ಕಲಬುರಗಿ, ರಾಯಚೂರುಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ನೆರಳಿನಲ್ಲಿಯೇ ಉಷ್ಣತೆ ೪೦ ಡಿಗ್ರಿಯನ್ನು ದಾಟುವುದು ಪ್ರತಿವರ್ಷದ ಮಾತು. ಕಾಂಕ್ರೀಟ್ ಛಾವಣಿಯ ಕೆಳಗಿನ ಅಟ್ಟದಲ್ಲಿ, ಕಬ್ಬಿಣದ ಬೀರುವಿನಲ್ಲಿ, ರಾತ್ರಿಯೂ ಆ ಕಾವು ಬೇಗ ಆರದು. ಮಾನದಂಡ ಹೇಳುವ ೩೦ ಡಿಗ್ರಿ ಅಲ್ಲಿ ಎಲ್ಲಿಂದ ಬರಬೇಕು? ಅಲ್ಲಿ ಎರಡು ಮೂರು ಬೇಸಿಗೆ ಕಳೆದ ಹಳೆಯ ಪಟ್ಟಿ ಮತ್ತೆ ತೆರೆದಾಗ ಕೆಲವು ಕಡತಗಳನ್ನು ಓದಲಾರದೆ ತಡವರಿಸಿದರೆ ಆಶ್ಚರ್ಯಪಡಬೇಕಾದುದಿಲ್ಲ.

ಇನ್ನೂ ಒಂದು ಕಷ್ಟವುಂಟು. ಹಳೆಯ ತಿರುಗುವ ಡಿಸ್ಕು ಸಾಯುವ ಮೊದಲು ಸಾಮಾನ್ಯವಾಗಿ ಕಟಕಟ ಸದ್ದು ಮಾಡಿ ಮುನ್ಸೂಚನೆ ಕೊಡುತ್ತಿತ್ತು. ಎಸ್‌ಎಸ್‌ಡಿಯ ಕಂಟ್ರೋಲರು ಕೆಟ್ಟರೆ ಅನೇಕ ಸಲ ಯಾವ ಸೂಚನೆಯೂ ಇಲ್ಲ. ನಿನ್ನೆ ಇದ್ದುದು ಇಂದು ಇಲ್ಲ. ಚಿಪ್ಪಿನೊಳಗಿನ ಬರಹ ಚದುರಿಯೂ ಅನೇಕ ವೇಳೆ ಗೂಢಲಿಪಿಯಲ್ಲಿಯೂ ಇರುವುದರಿಂದ ಕಂಟ್ರೋಲರಿಲ್ಲದೆ ಅದನ್ನು ಮರಳಿ ಪಡೆಯುವುದು ನಿಪುಣರಿಗೂ ದುಸ್ಸಾಧ್ಯ, ವೆಚ್ಚವೂ ವಿಪರೀತ.

ಮನೆಯಲ್ಲಿ ಮಾಡಬಹುದಾದುದು

ದುಡಿಯುವ ಲ್ಯಾಪ್‌ಟಾಪಿನ ಕಾವನ್ನು ಇಳಿಸುವ ಉಪಾಯಗಳು ಬಹಳ ಸರಳ. ಮೊದಲನೆಯದಾಗಿ, ಹಾಸಿಗೆ, ದಿಂಬು, ಸೋಫಾ, ತೊಡೆಯ ಮೇಲಿನ ಶಾಲು ಇವುಗಳಿಂದ ಯಂತ್ರವನ್ನು ಎತ್ತಿ ಗಟ್ಟಿಯಾದ ಮೇಜಿನ ಮೇಲಿಡಬೇಕು. ಹಿಂಭಾಗಕ್ಕೆ ಒಂದು ತೆಳ್ಳಗಿನ ಪುಸ್ತಕವನ್ನೋ ಎರಡು ಮರದ ತುಂಡುಗಳನ್ನೋ ಕಿಂಡಿಗಳಿಗೆ ಅಡ್ಡವಾಗದಂತೆ ಕೊಟ್ಟು ತುಸು ಎತ್ತರಿಸಿದರೆ ತಳದಲ್ಲಿ ಗಾಳಿ ಸರಾಗವಾಗಿ ಆಡುತ್ತದೆ. ದುಡ್ಡು ಖರ್ಚಾಗದ ಈ ಕ್ರಮದಿಂದಲೇ ಎಷ್ಟೋ ವೇಳೆ ಹಲವು ಡಿಗ್ರಿ ಇಳಿಯುವುದನ್ನು ಪರದೆಯ ಮೇಲೆಯೇ ಕಾಣಬಹುದು.

ಎರಡನೆಯದು, ಧೂಳು. ಎರಡು ಮೂರು ವರ್ಷ ಬಳಸಿದ ಯಂತ್ರದ ಫ್ಯಾನಿನ ರೆಕ್ಕೆಗಳಿಗೂ ಕಿಂಡಿಗಳಿಗೂ ಧೂಳು, ಕೂದಲು, ಬಟ್ಟೆಯ ನವಿರು ಸೇರಿ ಜಮಖಾನೆಯಂತೆ ಹೆಪ್ಪುಗಟ್ಟಿರುತ್ತದೆ. ವರ್ಷಕ್ಕೊಮ್ಮೆ ತಿಳಿದ ರಿಪೇರಿಯವರಿಂದ ಶುಚಿ ಮಾಡಿಸುವುದು ಒಳ್ಳೆಯದು.

ಮೂರನೆಯದು, ಬಿಸಿಯನ್ನು ಹೀರುವ ಹೊದಿಕೆ. ಪಟ್ಟಿಗೂ ಲ್ಯಾಪ್‌ಟಾಪಿನ ತಳದ ಲೋಹಕ್ಕೂ ನಡುವೆ ಮೆತ್ತಗಿನ 'ಥರ್ಮಲ್ ಪ್ಯಾಡ್' ಇರಿಸಿದರೆ ಕಾವು ತಳಕ್ಕೆ ಹರಿದು ಹೊರಗೆ ಹೋಗುತ್ತದೆ. ತೆಳ್ಳಗಿನ ತಾಮ್ರದ ಅಥವಾ ಅಲ್ಯೂಮಿನಿಯಮ್ಮಿನ ಹಾಳೆಗಳೂ ದೊರೆಯುತ್ತವೆ. ಮೇಜಿನ ಗಣಕಯಂತ್ರಕ್ಕೆಂದು ಮಾಡಿದ ದಪ್ಪನೆಯ ಲೋಹದ ರೆಕ್ಕೆಗಳನ್ನು ಮಾತ್ರ ಇಲ್ಲಿ ತುರುಕಬಾರದು. ಮುಚ್ಚಳ ಒತ್ತಿ ಪಟ್ಟಿಯೇ ಬಾಗೀತು. ಪಟ್ಟಿಯ ಮೇಲೆ ಅಂಟಿಸಿರುವ ಚೀಟಿಯನ್ನು ಕೀಳುವುದೂ ತಪ್ಪು. ಕೆಲವದರಲ್ಲಿ ಆ ಚೀಟಿಯ ಒಳಗೇ ಶಾಖವನ್ನು ಹರಡುವ ತಾಮ್ರದ ಪದರವಿರುತ್ತದೆ. ಕಿತ್ತರೆ ಗ್ಯಾರಂಟಿಯೂ ಹೋದೀತು.

ನಾಲ್ಕನೆಯದು, ಒಂದು ನಿಷೇಧ. ಬಿಸಿಯಾದ ಯಂತ್ರವನ್ನು ಫ್ರಿಜ್ಜಿನಲ್ಲಿಡುವ ಸಾಹಸವನ್ನು ಕೆಲವರು ಮಾಡುತ್ತಾರೆ. ಹೊರತೆಗೆದೊಡನೆ, ತಣ್ಣೀರಿನ ಲೋಟದ ಹೊರಮೈ ಬೆವರುವಂತೆ, ಒಳಗಿನ ಚಿಪ್ಪುಗಳ ಮೇಲೆ ನೀರಿನ ಹನಿ ಕಟ್ಟುತ್ತದೆ. ಜ್ವರಕ್ಕೆ ಮದ್ದೆಂದು ಬಾವಿಗೆ ತಳ್ಳಿದಂತೆ. ಹಾಗೆಯೇ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಲ್ಯಾಪ್‌ಟಾಪನ್ನು ಬಿಟ್ಟುಹೋಗಕೂಡದು; ಪಟ್ಟಿಗಿಂತ ಮೊದಲು ಬ್ಯಾಟರಿಗೇ ಅದು ಕಂಟಕ.

ಹಳೆಯ ಯಂತ್ರವನ್ನು ಎತ್ತಿಡಲೇಬೇಕಾದರೆ, ಮನೆಯಲ್ಲಿ ತಂಪಾಗಿರುವ ಒಣ ಜಾಗದಲ್ಲಿಟ್ಟು, ಆರು ತಿಂಗಳಿಗೊಮ್ಮೆ ಹಬ್ಬದ ನೆಪದಲ್ಲಾದರೂ ವಿದ್ಯುತ್ತು ಕೊಟ್ಟು ಕೆಲವು ಗಂಟೆ ನಡೆಸಬೇಕು. ಯುಗಾದಿಗೊಮ್ಮೆ, ಆಯುಧಪೂಜೆಗೊಮ್ಮೆ ಎಂದಿಟ್ಟುಕೊಂಡರೆ ಮರೆಯುವಂತಿಲ್ಲ.

ಇವೆಲ್ಲಕ್ಕಿಂತ ಮಿಗಿಲಾದ ಕ್ರಮ ಇನ್ನೊಂದು. ಮುಖ್ಯವಾದುದಕ್ಕೆ ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಅವುಗಳಲ್ಲಿ ಒಂದು ಮನೆಯಿಂದ ಹೊರಗಿರಲಿ ಎಂಬುದು ಅನುಭವಿಗಳ ಸೂತ್ರ. ಒಂದು ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಹೊರಗಿನಿಂದ ಜೋಡಿಸುವ ತಿರುಗುವ ಹಾರ್ಡ್ ಡಿಸ್ಕಿನಲ್ಲಿ, ಮತ್ತೊಂದು ನೆಂಟರ ಮನೆಯಲ್ಲಿಯೋ ಕ್ಲೌಡ್ ಸಂಗ್ರಹದಲ್ಲಿಯೋ ಇದ್ದರೆ, ಯಾವ ಪಟ್ಟಿಗೆ ಎಷ್ಟು ಡಿಗ್ರಿ ಜ್ವರ ಬಂದರೂ ಮನೆಯವರ ನಿದ್ದೆ ಕೆಡದು. ಕಾವು ಯಂತ್ರವನ್ನು ನಿಧಾನಿಸಬಲ್ಲುದು, ಹೆಚ್ಚೆಂದರೆ ಕೆಡಿಸಬಲ್ಲುದು. ಒಂದೇ ಪ್ರತಿಯನ್ನು ನಂಬಿ ಕುಳಿತವನ ನೆನಪನ್ನು ಮಾತ್ರ ಕಸಿದುಕೊಳ್ಳಬಲ್ಲುದು.

ಆ ಮನೆಯಲ್ಲಿ ಅಂದು ಸಂಜೆ ಲ್ಯಾಪ್‌ಟಾಪು ಹಾಸಿಗೆಯನ್ನು ಬಿಟ್ಟು ಊಟದ ಮೇಜನ್ನು ಏರಿತು. ಹಿಂದಿನ ಅಂಚಿಗೆ ಹಳೆಯ ಪಂಚಾಂಗವೊಂದರ ಆಸರೆ ಸಿಕ್ಕಿತು. ಅರ್ಧ ಗಂಟೆಯೊಳಗೆ ೭೬ ಇದ್ದುದು ೫೪ಕ್ಕೆ ಇಳಿಯಿತು. ಮದುವೆಯ ಚಿತ್ರ ಮತ್ತೆ ಓಡತೊಡಗಿತು.

ತಂದೆ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಪೇಟೆಗೆ ಹೋಗಿ ಒಂದು ಹಾರ್ಡ್ ಡಿಸ್ಕನ್ನು ಕೊಂಡು ತಂದರು. ರಾತ್ರಿ ಊಟವಾದ ಮೇಲೆ ಮಗಳು ಅಜ್ಜಿಯ ಕಡತಗಳನ್ನೆಲ್ಲ ಅದಕ್ಕೆ ನಕಲು ಮಾಡಿದಳು.

"ಸರಿಯಾಗಿ ಬಂದಿದೆಯೋ ಇಲ್ಲವೋ ನೋಡಬೇಡವೇನಮ್ಮಾ?" ಎಂದರು ತಂದೆ.

ಅವಳು ಹೊಸ ಡಿಸ್ಕಿನಿಂದಲೇ ಒಂದು ಕಡತವನ್ನು ತೆರೆದಳು. ಸ್ವಲ್ಪ ಗೊರಗೊರ ಸದ್ದು, ಒಂದು ಕೆಮ್ಮು, ಅದರ ಹಿಂದೆಯೇ ಆರತಿಯ ಹಾಡು. ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ತಾಯಿ ನಲ್ಲಿಯನ್ನು ನಿಲ್ಲಿಸಿ ಬಾಗಿಲಿಗೆ ಬಂದು ನಿಂತರು.